ಸುಗಂಧಿ ಬಾಗಿಲು ಹಾಕಿಕೊಟ್ಟ ಸಭೆ

ಫೇರ್‌ಬ್ರೂಕಿನ ಮೇನ್ ಸ್ಟ್ರೀಟಿನಲ್ಲಿ ಯಾರನ್ನು ಕೇಳಿದರೂ ಶಾಂಭವಿ ಟಿಫಿನ್ಸ್ ಎಲ್ಲಿದೆ ಎಂದು ತೋರಿಸುತ್ತಾರೆ. ತೋರಿಸುವಾಗ ಮುಖದಲ್ಲಿ ಒಂದು ಸಣ್ಣ ನಗು ಬರುತ್ತದೆ. ಊರಿನ ಕೌನ್ಸಿಲ್ಲಿನ ಮೈಕಿನ ಮುಂದೆ ನಿಂತು, ಯಾರೂ ಕೇಳದೆಯೇ, ತನ್ನ ತಪ್ಪನ್ನು ತಾನೇ ಹೇಳಿಕೊಂಡವಳು ಆ ಹೋಟೆಲಿನ ಸುಗಂಧಿ ಒಬ್ಬಳೇ. ತಪ್ಪು ಮಾಡಿದವಳು ಅವಳೊಬ್ಬಳೇ ಅಲ್ಲ, ಆ ಮಾತು ಬೇರೆ.

ಸುಗಂಧಿ ಮೂಲ್ಕಿ ಕಡೆಯವಳು. ಮದುವೆಯಾಗಿ ಮುಂಬಯಿಗೆ ಹೋದಳು, ಅಲ್ಲಿಂದ ನ್ಯೂಜೆರ್ಸಿಗೆ ಬಂದಳು. ಗಂಡ ಶೀನ ಪೂಜಾರಿಯವರನ್ನು ಎಲ್ಲರೂ ಕರೆಯುವುದು ಶೀನಣ್ಣ ಎಂದು. ಮುಂಬಯಿಯ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಗಲ್ಲಾದವರೆಗೆ ಏರಿದ ಮನುಷ್ಯ. ಇಲ್ಲಿಗೆ ಬಂದ ಮೇಲೂ ಬಹಳ ವರ್ಷ ಕಂಡವರ ಅಡುಗೆಮನೆಗಳಲ್ಲಿ ಬೆವರು ಸುರಿಸಿ, ಕೊನೆಗೆ ಮಾರಿಸ್‌ಟೌನಿಗೆ ಹತ್ತಿರದ ಈ ಪುಟ್ಟ ಊರಿನಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿ, ಸ್ವಂತ ಹೋಟೆಲು ತೆರೆದರು. ಬೆಳಿಗ್ಗೆ ಮ್ಯಾನ್‌ಹಟನ್ನಿಗೆ ಓಡುವ ಜನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಇಡ್ಲಿಯ ಪೊಟ್ಟಣ ಹಿಡಿದು ರೈಲು ಹತ್ತುವುದು ಇವರ ಹೋಟೆಲಿನಿಂದಲೇ.

ಶೀನಣ್ಣ ಮುಂಬಯಿಯಿಂದ ಬರುವಾಗ ಬಟ್ಟೆಗಿಂತ ಹೆಚ್ಚಾಗಿ ಹೊತ್ತು ತಂದದ್ದು ಹೋಟೆಲಿನ ಕಾಯಿದೆಗಳನ್ನು. ಅದರಲ್ಲಿ ಎರಡನ್ನು ಅವರು ಹೆಂಡತಿಗೆ ಮತ್ತೆ ಮತ್ತೆ ಹೇಳಿ ಕಲಿಸಿದ್ದರು. ಗಿರಾಕಿಗಳು ತಮ್ಮತಮ್ಮಲ್ಲಿ ಮಾತಾಡುವಾಗ ಕಿವಿಗೊಡಬಾರದು, ಅದು ಒಂದು. "ಟೇಬಲಿಗೆ ಹೋಗುವಾಗ ಕಿವಿ ಅಡುಗೆಮನೆಯಲ್ಲಿ ಇಟ್ಟು ಹೋಗು" ಎನ್ನುತ್ತಿದ್ದರು. ಇನ್ನೊಂದು, ಆಫೀಸಿನವರು ಎನ್ನಿಸಿಕೊಂಡವರು, ಅಂದರೆ ಮುನ್ಸಿಪಾಲಿಟಿಯವರೋ ಹೆಲ್ತಿನವರೋ ತಿಂಡಿಗೆ ಬಂದರೆ ಬಿಲ್ಲು ಕೊಡಬಾರದು. ಅದು ಲಂಚವಲ್ಲ, ಮರ್ಯಾದೆ ಎಂಬುದು ಅವರ ವಾದ. ಮುಂಬಯಿಯಲ್ಲಿ ಅದು ಮರ್ಯಾದೆಯೇ ಆಗಿತ್ತೋ ಏನೋ, ನನಗೆ ಗೊತ್ತಿಲ್ಲ. ಸುಗಂಧಿ ಮಾತ್ರ ಎರಡನ್ನೂ ದೇವರ ದೀಪದ ಹಾಗೆ ಕಾಪಾಡಿಕೊಂಡು ಬಂದಳು.

ಇಲ್ಲಿ ಡಿಸ್ಟ್ರಿಕ್ಟ್ ಎಂಬುದರ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಮೇನ್ ಸ್ಟ್ರೀಟಿನ ಅಂಗಡಿ ಕಟ್ಟಡಗಳನ್ನೆಲ್ಲ ಸೇರಿಸಿ ಊರಿನವರು ಒಂದು ಡೌನ್‌ಟೌನ್ ಡಿಸ್ಟ್ರಿಕ್ಟ್ ಮಾಡಿದ್ದಾರೆ. ಈ ಕಟ್ಟಡಗಳಿಗೆ ಮಾಮೂಲಿ ಪ್ರಾಪರ್ಟಿ ಟ್ಯಾಕ್ಸಿನ ಮೇಲೆ ಇನ್ನೊಂದು ವಿಶೇಷ ತೆರಿಗೆ ಬೀಳುತ್ತದೆ. ಕಟ್ಟಡದ ಮಾಲೀಕ ಅದನ್ನು ನಗುನಗುತ್ತಲೇ ಬಾಡಿಗೆಗೆ ಸೇರಿಸುತ್ತಾನೆ. ಆ ಹಣವನ್ನು ಖರ್ಚು ಮಾಡುವುದು ಒಂದು ಪ್ರತ್ಯೇಕ ಕಮಿಟಿ. ಬೀದಿ ಗುಡಿಸುವುದು, ಹೂಕುಂಡ ಇಡುವುದು, ಕ್ರಿಸ್ಮಸ್ಸಿಗೆ ದೀಪ, ಬೇಸಿಗೆಯ ಶನಿವಾರಗಳಲ್ಲಿ ಗಿಟಾರು, ಎಲ್ಲ ಅವರ ಕೆಲಸ. ಕಮಿಟಿಯ ಡೈರೆಕ್ಟರು ಡೇನಿಯಲ್ ಎಂಬವನು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ನಡೆಸುವ ಕಮಿಟಿಗಳನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ, ತೊಂದರೆ ಶುರುವಾಗುವುದು ಅಲ್ಲಿಂದಲೇ.

ಈ ಕಮಿಟಿ ತಿಂಗಳಿಗೊಮ್ಮೆ ಬೆಳಿಗ್ಗೆ ಸೇರುತ್ತಿದ್ದದ್ದು ಶಾಂಭವಿ ಟಿಫಿನ್ಸಿನ ಹಿಂದಿನ ಹಾಲಿನಲ್ಲಿ. ಮೊದಲು ಒಂದು ದಿನ ತಿಂಡಿಗೆಂದು ಬಂದರು, ಇಡ್ಲಿ ಸಾಂಬಾರು ಹಿಡಿಸಿತು, ಮತ್ತೆ ಅಲ್ಲೇ ಬಂದರು, ಹಾಗೆಯೇ ರೂಢಿಯಾಯಿತು. ಆಫೀಸಿನವರು ಎಂದ ಮೇಲೆ ಬಿಲ್ಲಿನ ಮಾತೇ ಇಲ್ಲ. ಮಾತುಕತೆ ಶುರುವಾದರೆ ಸುಗಂಧಿ ತಟ್ಟೆಗಳನ್ನಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬರುತ್ತಿದ್ದಳು.

ಮೂರು ವರ್ಷದ ಹಿಂದೆ ಶೀನಣ್ಣನಿಗೆ ಸ್ಟ್ರೋಕ್ ಆಯಿತು. ಬಲಭಾಗ ಸೋತಿತು, ಮಾತು ನಿಂತಿತು. ತಿಂಗಳುಗಟ್ಟಲೆ ರಿಹ್ಯಾಬಿನಲ್ಲಿದ್ದು ಗಾಲಿಕುರ್ಚಿಯಲ್ಲಿ ಮನೆಗೆ ಬಂದರು. ಮಾತು ಮರಳುವಾಗ ಮೊದಲು ಬಂದದ್ದು ತುಳು, ಆಮೇಲೆ ತಡವರಿಸುತ್ತಾ ಕನ್ನಡ. ಇಂಗ್ಲಿಷು ಬರಲೇ ಇಲ್ಲ. ಅಷ್ಟು ವರ್ಷ ಗಲ್ಲಾದಲ್ಲಿ ಕುಳಿತು ಬಂದವರ ಮಕ್ಕಳ ಪರೀಕ್ಷೆಯನ್ನೂ ನಾಯಿಯ ಆರೋಗ್ಯವನ್ನೂ ವಿಚಾರಿಸುತ್ತಿದ್ದ ಆ ಇಂಗ್ಲಿಷು ಎಲ್ಲಿಗೆ ಹೋಯಿತೋ! ಡಾಕ್ಟರು ಮಾತ್ರ ಹೀಗೂ ಆಗುವುದುಂಟು ಎಂದರು. ಬಿ.ಪಿ. ಏರದ ಹಾಗೆ ನೋಡಿಕೊಳ್ಳಿ, ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದೇನೂ ಹೇಳಬೇಡಿ ಎಂದೂ ಹೇಳಿದರು. ಆ ಕೊನೆಯ ಮಾತನ್ನು ಸುಗಂಧಿ ಸ್ವಲ್ಪ ಅತಿಯಾಗಿಯೇ ಹಿಡಿದುಕೊಂಡಳು.

ಹೋಟೆಲಿನ ಎದುರು ಬಾಗಿಲಿಗೆ ಮೆಟ್ಟಿಲುಗಳಿವೆ, ಫುಟ್‌ಪಾತು ಇಕ್ಕಟ್ಟು. ಅಲ್ಲಿ ಇಳಿಜಾರು ಮಾಡಲು ಜಾಗವಿಲ್ಲ. ಹಿಂದೆ ಒಂದು ಓಣಿ ಇದೆ. ಸಾಮಾನಿನ ಗಾಡಿಗಳು ಬರುವುದು ಅಲ್ಲಿಗೆ. ಕಟ್ಟಡದ ಮಾಲೀಕನನ್ನು ಒಪ್ಪಿಸಿ ಹಿಂದಿನ ಬಾಗಿಲಿಗೆ ಒಂದು ಮರದ ರಾಂಪು ಹಾಕಿಸಿದಳು. ಗಾಲಿಕುರ್ಚಿಯವರನ್ನು ಕರೆದೊಯ್ಯುವ ಕೌಂಟಿಯ ವ್ಯಾನು ಹತ್ತು ಗಂಟೆಯ ಹೊತ್ತಿಗೆ ಓಣಿಗೆ ಬರುತ್ತದೆ, ಶೀನಣ್ಣ ರಾಂಪಿನ ಮೇಲೆ ಉರುಳಿಕೊಂಡು ಒಳಗೆ ಬಂದು ಗಲ್ಲಾದ ಪಕ್ಕ ಕೂರುತ್ತಾರೆ. ಕೂತ ಕೂಡಲೇ ಅಡುಗೆಯ ಕೃಷ್ಣ ಒಂದು ಬಟ್ಟಲಿನಲ್ಲಿ ಮಧ್ಯಾಹ್ನದ ಸಾಂಬಾರು ತಂದಿಡುತ್ತಾನೆ. ಅವರು ಎಡಗೈಯಲ್ಲಿ ಚಮಚ ಹಿಡಿದು ರುಚಿ ನೋಡಿ ತಲೆ ಆಡಿಸಿದರೆ ಸರಿ, ಅಡ್ಡ ಅಲ್ಲಾಡಿಸಿದರೆ ಕೃಷ್ಣ ಗೊಣಗದೆ ಒಳಗೆ ಹೋಗಿ ಮತ್ತೆ ಒಲೆಯ ಮೇಲಿಡುತ್ತಾನೆ. ಐವತ್ತು ದಾಟಿದ ಕೃಷ್ಣ ಈ ಲೋಕದಲ್ಲಿ ಗೊಣಗದೆ ಕೇಳುವುದು ಅದೊಂದು ತಲೆಯಲ್ಲಾಟವನ್ನು ಮಾತ್ರ.

ಹೋಟೆಲಿಗೆ ಬಂದ ದಿನ ಶೀನಣ್ಣ ಶೀನಣ್ಣನಾಗಿಯೇ ಇರುತ್ತಾರೆ. ಸ್ನೋ ಬಿದ್ದು ವ್ಯಾನು ಬಾರದ ದಿನ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ, ಊಟಕ್ಕೆ ಕರೆದರೂ ತಿರುಗುವುದಿಲ್ಲ. ಒಂದು ಚಳಿಗಾಲದಲ್ಲಿ ಸಾಲಾಗಿ ಕೆಲವು ದಿನ ಹಾಗಾಯಿತು. ಆಗ ಸುಗಂಧಿಗೆ ಭಯವಾಯಿತು. ಮಾತ್ರೆಯೂ ವ್ಯಾಯಾಮವೂ ಒಂದು ಕಡೆ. ಈ ಮನುಷ್ಯ ಬದುಕಬೇಕಾದರೆ ದಿನಾ ಹೋಟೆಲಿಗೆ ಬರಬೇಕು, ಅಷ್ಟೇ.

ಹೀಗಿರುವಾಗ ಮಾರ್ಚಿನ ಒಂದು ಬೆಳಿಗ್ಗೆ ಇಬ್ಬರು ಕೆಲಸಗಾರರು ಓಣಿಗೆ ಬಂದು ಟೇಪು ಹಿಡಿದು ಅಳೆಯತೊಡಗಿದರು. ನೆಲದ ಮೇಲೆ ಕಿತ್ತಳೆ ಬಣ್ಣದ ಗೆರೆ ಎಳೆದರು. ಒಂದು ಗೆರೆ ನೇರವಾಗಿ ರಾಂಪಿನ ಮೇಲೆಯೇ ಹೋಯಿತು. ಸುಗಂಧಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಇದೇನೆಂದು ಕೇಳಿದಳು. ಅವರಲ್ಲೊಬ್ಬ ಚಿತ್ರ ತೋರಿಸಿದ. ಓಣಿಯ ತುಂಬ ಬಣ್ಣದ ಗೋಡೆಗಳು, ತೂಗುದೀಪಗಳು, ಮೇಜು ಕುರ್ಚಿ, ಕಾಫಿ ಹಿಡಿದು ನಗುವ ಜನ. ಮೇ ತಿಂಗಳಿನಿಂದ ಗಾಡಿಗಳಿಗೆ ಪ್ರವೇಶವಿಲ್ಲ.

ಈ ಊರಿನವರ ಇಂಗ್ಲಿಷು ಇಲ್ಲಿ ಕನ್ನಡದಲ್ಲೇ ಬರುತ್ತದೆ, ಓದುವವರು ಅಷ್ಟು ಹೊಂದಿಸಿಕೊಳ್ಳಬೇಕು. "ಇದರಲ್ಲಿ ನನ್ನ ರಾಂಪ್ ಎಲ್ಲಿ?" ಎಂದು ಕೇಳಿದಳು.

"ಅದು ತೆಗೆಯೋದಕ್ಕಿದೆ, ಮೇಡಂ. ನಮಗೆ ಹೇಳಿರೋದು ಅಷ್ಟೇ."

ಸುಗಂಧಿ ಒಲೆ ಕೃಷ್ಣನಿಗೆ ಬಿಟ್ಟು ಪಕ್ಕದ ಡ್ರೈ ಕ್ಲೀನಿಂಗ್ ಅಂಗಡಿಗೆ ಓಡಿದಳು. ಅಂಗಡಿ ಗದಗದ ಕಡೆಯ ಅಮರೇಶ್ವರನದು. ಅವನ ಬಟ್ಟೆಯ ವ್ಯಾನೂ ಬರುವುದು ಅದೇ ಓಣಿಗೆ.

"ನನಗ ಯಾರ್ ಹೇಳ್ಯಾರ್ರೀ ಅಕ್ಕಾರ?" ಅವನು ಇಸ್ತ್ರಿ ಬಿಟ್ಟು ಎದ್ದು ನಿಂತ. "ಗಾಡಿ ಎಲ್ಲಿ ನಿಲ್ಲಿಸೂದಂತ? ನನ್ನ ತಲಿ ಮ್ಯಾಲೇನು? ಇದನ್ನ ಯಾವಾಗ ಠರಾಯ್ಸಿದ್ರು? ಎಲ್ಲಿ ಠರಾಯ್ಸಿದ್ರು? ಮೊದ್ಲು ಅದನ್ನ ಕೇಳ್ರಿ!"

ಕೇಳಲು ಸುಗಂಧಿ ಬ್ಯಾಂಕಿನ ಮಹಡಿಯ ಮೇಲಿರುವ ಡಿಸ್ಟ್ರಿಕ್ಟಿನ ಆಫೀಸಿಗೆ ಏಪ್ರನ್ನಿನಲ್ಲೇ ಹೋದಳು. ಡೇನಿಯಲ್ ಎದ್ದು ಕುರ್ಚಿ ಎಳೆದುಕೊಟ್ಟ. ರಾಂಪಿನ ವಿಷಯ ಕೇಳಿ ಅವನಿಗೆ ನಿಜವಾಗಿಯೂ ಬೇಸರವಾಯಿತು. ನಕ್ಷೆ ಬರೆದವರು ಅದನ್ನು ತಾತ್ಕಾಲಿಕ ಎಂದುಕೊಂಡಿರಬೇಕು ಎಂದ. ಆದರೆ ತೀರ್ಮಾನ ಜನವರಿಯಲ್ಲೇ ಆಗಿದೆ, ಕಂಟ್ರಾಕ್ಟೂ ಕೊಟ್ಟಾಗಿದೆ.

"ಜನವರಿಯಲ್ಲಿ? ಯಾರಿಗೂ ಗೊತ್ತಿಲ್ಲವಲ್ಲ."

"ಸಾರ್ವಜನಿಕ ಸಭೆ ಅದು, ಸುಗಂಧಿ. ಯಾರು ಬೇಕಾದರೂ ಬರಬಹುದಿತ್ತು."

"ಎಲ್ಲಿ ಆದದ್ದು ಸಭೆ?"

ಡೇನಿಯಲ್ ಅವಳ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದಾಳೆಂದು ಅವನಿಗೆ ಅನ್ನಿಸಿರಬೇಕು. "ನಿಮ್ಮಲ್ಲೇ," ಎಂದ. "ನಿಮ್ಮ ಹಿಂದಿನ ಹಾಲಿನಲ್ಲಿ. ಅವತ್ತು ನೀವು ಬಿಸಿಬಿಸಿ ಗೋಳಿಬಜೆ ಕೊಟ್ಟಿದ್ದಿರಿ."

ಸುಗಂಧಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಹೊರಗೆ ಸ್ನೋ ಸುರಿಯುತ್ತಿತ್ತು, ಪಾಪ ಚಳಿಯಲ್ಲಿ ಬಂದಿದ್ದಾರೆ ಎಂದು ತಾನೇ ನಿಂತು ಗೋಳಿಬಜೆ ಕರಿದಿದ್ದಳು. ತಟ್ಟೆ ಒಯ್ದಾಗ ಅವರು ಮಾತು ನಿಲ್ಲಿಸಿದರು. ಅವಳು ತಟ್ಟೆಯಿಟ್ಟು, ಚಟ್ನಿಯಿಟ್ಟು, ಗ್ರೈಂಡರಿನ ಸದ್ದು ತೊಂದರೆ ಕೊಡದಿರಲಿ ಎಂದು ಬಾಗಿಲನ್ನು ಪೂರ್ತಿ ಎಳೆದು ಮುಚ್ಚಿ ಹೊರಗೆ ಬಂದಿದ್ದಳು. ಒಳಗೆ ಅವರು ಅವಳ ಗಂಡನ ದಾರಿ ಮುಚ್ಚುತ್ತಿದ್ದರು. ಇದು ತಲೆಗೆ ಹೋದಾಗ ಅವಳಿಗೆ ನಾಚಿಕೆಯಾಯಿತು, ಆಮೇಲೆ ಮೈಯೆಲ್ಲ ಉರಿಯಿತು.

"ನೋಟಿಸ್ ಹಾಕಿದ್ದಿರಾ?"

"ನಮ್ಮ ಆಫೀಸಿನ ಬೋರ್ಡಿನ ಮೇಲೆ ಹಾಕಿದ್ದೆವು." ಆ ಬೋರ್ಡು ಅವನ ಬೆನ್ನ ಹಿಂದೆ, ಕಾಫಿ ಮೆಷಿನ್ನಿನ ಪಕ್ಕದಲ್ಲಿತ್ತು.

ಅವತ್ತು ಸಂಜೆ ಮಗಳು ಪ್ರಣೀತಾ ಮನೆಗೆ ಬಂದ ಕೂಡಲೇ ಸುಗಂಧಿ ಅವಳನ್ನು ಅಡುಗೆಮನೆಗೆ ಎಳೆದೊಯ್ದು ಬಾಗಿಲು ಓರೆ ಮಾಡಿದಳು. ಪ್ರಣೀತಾ ಹುಟ್ಟಿದ್ದು ಬೆಳೆದದ್ದು ಇಲ್ಲೇ, ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ. ಎಲ್ಲ ಕೇಳಿ ಲ್ಯಾಪ್‌ಟಾಪ್ ತೆರೆದು ಡಿಸ್ಟ್ರಿಕ್ಟಿನ ವೆಬ್‌ಸೈಟ್ ತೆಗೆದಳು. ಕುಂಬಳಕಾಯಿಗಳ ಚಿತ್ರವಿತ್ತು. ಸಾಂಟಾ ಟೋಪಿ ಹಾಕಿದ ನಾಯಿಗಳ ಸ್ಪರ್ಧೆಯ ಚಿತ್ರವಿತ್ತು. ಮೀಟಿಂಗ್ಸ್ ಎಂಬಲ್ಲಿ ಒತ್ತಿದರೆ 'ಶೀಘ್ರದಲ್ಲಿ ಬರಲಿದೆ' ಎಂಬ ಒಂದು ಸಾಲು. ಕಮಿಟಿಯಲ್ಲಿ ಯಾರಿದ್ದಾರೆ, ಬಜೆಟ್ ಎಷ್ಟು, ಏನು ತೀರ್ಮಾನವಾಯಿತು, ಯಾವುದೂ ಇಲ್ಲ.

"ಮಮ್ಮಿ, ಲಿಟರಲಿ ನಥಿಂಗ್," ಎಂದಳು ಪ್ರಣೀತಾ. ಆಮೇಲೆ ಟೌನ್ ಕೌನ್ಸಿಲ್ಲಿನ ಪುಟಗಳನ್ನು ಹುಡುಕಿದಳು. "ವೇಟ್, ಇಲ್ಲಿ ಒಂದು ಇದೆ ನೋಡು. ಕೌನ್ಸಿಲ್ ವುಮನ್ ಒಬ್ರು ರೂಲ್ ತಂದಿದಾರೆ. ಡಿಸ್ಟ್ರಿಕ್ಟ್‌ನೋರು ಎಲ್ಲಾ ಆನ್‌ಲೈನ್ ಹಾಕ್ಬೇಕು, ಅಜೆಂಡಾ, ಮಿನಿಟ್ಸ್, ಬಜೆಟ್, ಕಂಟ್ರಾಕ್ಟ್, ಎವ್ರಿಥಿಂಗ್. ಮೀಟಿಂಗ್‌ಗೂ ಮೊದ್ಲೇ ಹಾಕ್ಬೇಕು. ಬಟ್ ಒಂದು ವರ್ಷದಿಂದ ಹಾಗೇ ಬಿದ್ದಿದೆ. ನೋಬಡಿ ಕೇರ್ಸ್."

"ನಾನು ಕೇಳ್ತೇನೆ," ಎಂದಳು ಸುಗಂಧಿ.

"ಯು ಹ್ಯಾವ್ ಟು ಸ್ಪೀಕ್, ಮಮ್ಮಿ. ಪಬ್ಲಿಕ್ ಆಗಿ, ಮೈಕ್‌ನಲ್ಲಿ. ಬಟ್ ಬ್ರೇಕ್‌ಫಾಸ್ಟ್ ವಿಷ್ಯ ಎತ್ಬೇಡ, ಪ್ಲೀಸ್. ಫ್ರೀ ಫುಡ್ ಕೊಟ್ರೆ ಅದು ಗಿಫ್ಟ್, ಇಲ್ಲಿ ಅಲೌಡ್ ಅಲ್ಲ."

"ಗಿಫ್ಟ್ ಎಂತದ್ದು ಮಾರಾಯ್ತಿ! ಇಡ್ಲಿ!"

"ಇಡ್ಲಿನೂ ಗಿಫ್ಟೇ."

ಸುಗಂಧಿ ಓರೆ ಬಾಗಿಲಿನಾಚೆ ಇಣುಕಿ ನೋಡಿದಳು. "ಒಂದು ಮಾತು. ಪಪ್ಪನಿಗೆ ಇದು ಗೊತ್ತಾಗ್ಲಿಕ್ಕೆ ಇಲ್ಲ."

"ವೈ? ಹೀ ಈಸ್ ನಾಟ್ ಎ ಚೈಲ್ಡ್."

"ಬಿ.ಪಿ. ಏರಿದ್ರೆ ನೀನು ಇಳಿಸ್ತೀಯಾ? ನಿನ್ನ ಫಾರ್ಮಸಿಯ ಮಾತ್ರೆಯಲ್ಲಿ? ಬೇಡ ಅಂದ್ರೆ ಬೇಡ."

ಮಾರನೆಯ ದಿನ ಕೃಷ್ಣನ ಬಾಯಿಗೂ ಬೀಗ ಹಾಕಿಸಿದಳು. ಓಣಿಯ ಕಿತ್ತಳೆ ಗೆರೆಯನ್ನು ಶೀನಣ್ಣ ನೋಡಿ ಹುಬ್ಬೇರಿಸಿದಾಗ, ಗ್ಯಾಸಿನ ಪೈಪಿನವರು ಹಾಕಿದ್ದು ಎಂದುಬಿಟ್ಟಳು. ಅವರು ತಲೆ ಆಡಿಸಿದರು. ಅವರಿಗೆ ಇಂಗ್ಲಿಷೇ ಬಾರದ ಮೇಲೆ ಬೇರೆಯವರಿಂದ ತಿಳಿಯುವ ಭಯವಿಲ್ಲ ಎಂದು ಅವಳ ಲೆಕ್ಕಾಚಾರ.

ಕೌನ್ಸಿಲ್ಲಿನ ಸಭೆಗೆ ಸೀರೆ ಉಟ್ಟುಕೊಂಡು ಹೋದಳು. ಫ್ಲಶಿಂಗಿನ ಗಣಪತಿ ದೇವಸ್ಥಾನಕ್ಕೆ ಉಡುವ ಹಸಿರು ಸೀರೆ. ಹೆಸರು ಕರೆದಾಗ ಮೈಕಿನ ಮುಂದೆ ನಿಂತಳು. ಮೈಕು ಅವಳ ಹಣೆಯ ಎತ್ತರದಲ್ಲಿತ್ತು, ಅದನ್ನು ಎಳೆದು ಬಗ್ಗಿಸಿದಳು. ಪ್ರಣೀತಾ ಹೇಳಿಕೊಟ್ಟದ್ದನ್ನೆಲ್ಲ ಸರಿಯಾಗಿಯೇ ಹೇಳಿದಳು. ಓಣಿ, ರಾಂಪು, ಶೀಘ್ರದಲ್ಲಿ ಬರಲಿರುವ ವೆಬ್‌ಸೈಟು. ಆಮೇಲೆ ನಿಲ್ಲಿಸಿ ಇಳಿಯಬಹುದಿತ್ತು. ಎದುರು ಕುರ್ಚಿಯಲ್ಲಿ ಡೇನಿಯಲ್ ತಲೆ ತಗ್ಗಿಸಿ ಕುಳಿತಿದ್ದ. ಅವನೊಬ್ಬನ ಮೇಲೆ ಗೂಬೆ ಕೂರಿಸಿ ಹೋಗಲು ಅವಳಿಗೆ ಮನಸ್ಸಾಗಲಿಲ್ಲ.

"ಇನ್ನೊಂದು ಹೇಳಬೇಕು," ಎಂದಳು. "ಆ ಸಭೆ ನಡೆದದ್ದು ನನ್ನ ಹೋಟೆಲಿನಲ್ಲಿ. ತಿಂಡಿ ಕೊಟ್ಟದ್ದು ನಾನು. ವರ್ಷಗಟ್ಟಲೆ ಕೊಟ್ಟಿದ್ದೇನೆ, ಬಿಲ್ಲು ಮಾಡಿಲ್ಲ. ಅವರು ಕೊಡಲು ಬಂದರೂ ತೆಗೆದುಕೊಂಡಿಲ್ಲ. ನಮ್ಮಲ್ಲಿ ಅದು ಮರ್ಯಾದೆ. ಇಲ್ಲಿ ಅದಕ್ಕೆ ಬೇರೆ ಹೆಸರಿದೆಯಂತೆ. ಮತ್ತೆ, ಸಭೆಯ ಬಾಗಿಲು ಹಾಕಿದ್ದೂ ನಾನೇ. ಬೇರೆ ಯಾರಾದರೂ ಕೇಳಲು ಬಂದಿದ್ದರೆ, ಒಳಗೆ ಪ್ರೈವೇಟ್ ಪಾರ್ಟಿ ಎಂದು ನಾನೇ ವಾಪಸು ಕಳಿಸುತ್ತಿದ್ದೆ. ನನ್ನಂಥವಳ ಒಳ್ಳೆಯತನದಿಂದಲೇ ಒಂದು ಬೀದಿಯ ತೀರ್ಮಾನ ಮುಚ್ಚಿದ ಕೋಣೆಯಲ್ಲಿ ಆಗಿಹೋಗುತ್ತದೆ ಎಂದರೆ, ಅದನ್ನು ಒಳ್ಳೆಯತನಕ್ಕೆ ಬಿಡಬಾರದು. ರೂಲ್ ಮಾಡಿ."

ಹಾಲಿನಲ್ಲಿ ಯಾರೋ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಪ್ರಣೀತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು, ಬೆರಳ ಸಂದಿಯಿಂದ ಅಮ್ಮನನ್ನೇ ನೋಡುತ್ತಿದ್ದಳು. ಒಂದು ವರ್ಷ ಬಿದ್ದಿದ್ದ ಆ ರೂಲು ಅವತ್ತು ಎದ್ದು ಕುಳಿತಿತು, ಮುಂದಿನ ಸಭೆಯಲ್ಲಿ ಪಾಸೂ ಆಯಿತು. ಸರಿಯಾದ ಪ್ರಕಟಣೆ ಇಲ್ಲದೆ ಮಾಡಿದ ಜನವರಿಯ ತೀರ್ಮಾನವನ್ನು ಮತ್ತೆ ಎಲ್ಲರ ಮುಂದೆ ಚರ್ಚೆಗೆ ಇಡಬೇಕು, ಬರಲಾಗದವರು ವೀಡಿಯೊದಲ್ಲಿ ಮಾತಾಡಲು ಅವಕಾಶ ಕೊಡಬೇಕು ಎಂದಾಯಿತು.

ಆದರೆ ಊರು ಊರೇ. ಫೇಸ್‌ಬುಕ್ಕಿನ ಫೇರ್‌ಬ್ರೂಕ್ ಗುಂಪಿನಲ್ಲಿ ಯಾರೋ 'ಇಡ್ಲಿ ಹಗರಣ' ಎಂದು ಬರೆದರು. ಕೆಲವರು ಕೌಂಟರಿನಲ್ಲಿ ಬಂದು, "ಆಂಟಿ, ನಾವೂ ಕಮಿಟಿ ಸೇರಿದ್ರೆ ಫ್ರೀನಾ?" ಎಂದು ಕಿಚಾಯಿಸಿದರು. ಅಮರೇಶ್ವರ ಮಾತ್ರ ನಿಜವಾಗಿ ಸಿಟ್ಟಾದ.

"ಅಕ್ಕಾರ, ನಾ ನಿಮ್ಮ ಮಗ್ಗಲಿಗೇ ಅದೀನಿ. ತಿಂಗಳಾ ಅವರಿಗೆ ಉಣಸೀರಿ, ನನಗ ಒಂದ್ ಮಾತು ಹೇಳಬಾರದಿತ್ತೇನು, ಇಲ್ಲಿ ಮೀಟಿಂಗ್ ನಡದದ ಅಂತ?"

"ಮೀಟಿಂಗ್ ಅಂತ ನಂಗೇ ಗೊತ್ತಿರ್ಲಿಲ್ಲ ಮಾರಾಯ್ರೇ. ತಿಂಡಿ ತಿನ್ಲಿಕ್ಕೆ ಬಂದವರು ಅಂತ ಮಾಡಿದ್ದು."

"ಗೊತ್ತಿರ್ಲಿಲ್ಲಂತ!" ಎಂದು ಅವನು ಒಂದು ವಾರ ಅವಳಲ್ಲಿ ಕಾಫಿ ಕುಡಿಯಲಿಲ್ಲ. ಅದೇನು ಸಣ್ಣ ಶಿಕ್ಷೆಯಲ್ಲ, ಇಬ್ಬರಿಗೂ.

ಸುಗಂಧಿ ಇದಕ್ಕೆಲ್ಲ ಜಗ್ಗಲಿಲ್ಲ. ಕಿಚಾಯಿಸಿದವರಿಗೂ ಕಾಫಿ ಕೊಟ್ಟಳು, ಕೊಡುವಾಗ ಸಭೆಯ ತಾರೀಕು ಹೇಳಿದಳು. ಕೆಲಸದ ಬಿಡುವಿನಲ್ಲಿ ಬೀದಿಯ ಒಂದೊಂದೇ ಅಂಗಡಿಗೆ ಹೋಗಿ, ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಅಜೆಂಡಾ ಬಂದಿದೆ, ನೋಡಿ ಎಂದು ಬಾಗಿಲು ಬಡಿದಳು. ನೇಲ್ ಸಲೂನಿನವರು ಆಯಿತು ಎಂದರು. ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡಿನ ಅಂಗಡಿಯವನು ತನಗೆ ಪುರುಸೊತ್ತಿಲ್ಲ ಎಂದ. "ಪುರುಸೊತ್ತು ನನಗೂ ಇಲ್ಲ, ಬಾಡಿಗೆ ಮಾತ್ರ ಇಬ್ಬರೂ ಕೊಡುತ್ತೇವೆ" ಎಂದು ಅಲ್ಲೇ ನಿಂತು, ಅವನು ಫೋನು ತೆಗೆದು ನೋಡುವ ತನಕ ಕದಲಲಿಲ್ಲ. ಫೋನಿಗೆ ತೋರಿಸಿದರೆ ಅಜೆಂಡಾದ ಪುಟ ತೆರೆದುಕೊಳ್ಳುವ ಚೌಕದ ಚೀಟಿಯೊಂದನ್ನು ಪ್ರಣೀತಾಳ ಕೈಯಲ್ಲಿ ಮಾಡಿಸಿ, ಗಿರಾಕಿಗಳಿಗೆ ಕಾಣಲಿ ಎಂದು ಗಲ್ಲಾದ ಮೇಲೆಯೇ ಅಂಟಿಸಿದಳು. ಅದರ ಪಕ್ಕದಲ್ಲೇ ಶೀನಣ್ಣ ಕೂರುತ್ತಿದ್ದರು. ಅವರು ದಿನವಿಡೀ ಮಡಿಲಲ್ಲಿ ಮಾತಿನ ಅಭ್ಯಾಸದ ಟ್ಯಾಬ್ಲೆಟ್ ಇಟ್ಟುಕೊಂಡು ಚಿತ್ರ ನೋಡಿ ಹೆಸರು ಹೇಳುವುದನ್ನು ಕಲಿಯುತ್ತಿದ್ದರು.

ಒಂದು ಮಧ್ಯಾಹ್ನ ಡೇನಿಯಲ್ ಒಬ್ಬನೇ ಬಂದು ದೋಸೆ ತಿಂದು ಎದ್ದ. ಎದ್ದು ಗಲ್ಲಾಕ್ಕೆ ಬಂದು ಕಾರ್ಡು ಚಾಚಿದ. ಸುಗಂಧಿಯ ಕೈ ಅಭ್ಯಾಸಬಲದಿಂದ ಬೇಡವೆನ್ನಲು ಎದ್ದಿತು, ಅರ್ಧಕ್ಕೆ ನಿಂತಿತು. ಕಾರ್ಡು ತೆಗೆದುಕೊಂಡಳು. ಜೀವನದಲ್ಲಿ ಮೊದಲ ಸಲ ಆಫೀಸಿನವರಿಗೆ ಬಿಲ್ಲು ಮಾಡುವಾಗ ಅವಳ ಮುಖ ಕೆಂಪಾಗಿತ್ತು.

"ಸಭೆಗೆ ಯಾವತ್ತೂ ಯಾರೂ ಬರುತ್ತಿರಲಿಲ್ಲ," ಎಂದ ಡೇನಿಯಲ್. "ಜನರಿಗೆ ಬೇಕಾಗಿಲ್ಲ ಎಂದುಕೊಂಡೆ."

"ಹೇಳದೆ ಇದ್ದರೆ ಬೇಕೋ ಬೇಡವೋ ಹೇಗೆ ಗೊತ್ತಾಗುತ್ತದೆ?" ಎಂದಳು ಸುಗಂಧಿ. ಈ ಮಾತನ್ನು ಎರಡು ಕುರ್ಚಿಯಾಚೆ ಕೂತ ಗಂಡ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಅವಳ ತಲೆಗೇ ಬರಲಿಲ್ಲ.

ಸಭೆಯ ದಿನ ಸಂಜೆ ಟೌನ್ ಹಾಲು ತುಂಬಿತ್ತು. ಬೇಗಲ್ ಅಂಗಡಿಯವನೂ ಬಂದಿದ್ದ. ಅಮರೇಶ್ವರ ಸಿಟ್ಟು ಬಿಟ್ಟು ಮುಂದಿನ ಸಾಲಿನಲ್ಲಿ ಅವಳಿಗೆ ಜಾಗ ಹಿಡಿದಿದ್ದ. ಶೀನಣ್ಣನನ್ನು ಹೋಟೆಲಿನಲ್ಲೇ ಕೃಷ್ಣನ ಜೊತೆ ಬಿಟ್ಟು, ದೇವಸ್ಥಾನದ ಕೆಲಸಕ್ಕೆ ಹೋಗಿಬರುತ್ತೇನೆ ಎಂದು ಸುಳ್ಳು ಹೇಳಿ ಬಂದಿದ್ದಳು.

ಓಣಿಯನ್ನು ಮುಚ್ಚಬೇಕೆಂದವರು ಚೆನ್ನಾಗಿಯೇ ಮಾತಾಡಿದರು, ಸುಳ್ಳು ಯಾಕೆ ಹೇಳಬೇಕು. ಗೋಡೆಗೆ ಚಿತ್ರ ಬರೆಯುವ ಹುಡುಗಿಯೊಬ್ಬಳ ಮಾತಿಗೆ ಸುಗಂಧಿಗೇ ಮನಸ್ಸು ಕರಗಿತು. ಮಗುವಿನ ಸ್ಟ್ರಾಲರ್ ತಳ್ಳಿಕೊಂಡು ನೆಮ್ಮದಿಯಾಗಿ ನಡೆಯಲು ಊರಿನಲ್ಲಿ ಒಂದು ಜಾಗವಿಲ್ಲ ಎಂದರು ಎಳೆಯ ತಂದೆತಾಯಿ. ಅಮರೇಶ್ವರ ಗಾಡಿಯ ಕಷ್ಟ ಹೇಳಿದ. ಸುಗಂಧಿ ರಾಂಪಿನ ವಿಷಯ ಹೇಳಿದಳು. ಅದಕ್ಕೆ ಕಮಿಟಿಯ ಒಬ್ಬ ಸದಸ್ಯ, ಬೀದಿಯ ತುದಿಯಲ್ಲಿ ವ್ಯಾನು ನಿಲ್ಲಿಸಿ ಅವರನ್ನು ತಳ್ಳಿಕೊಂಡು ಬರಬಹುದಲ್ಲ, ಎದುರಿಗೆ ಮಡಚುವ ರಾಂಪ್ ಇಡಬಹುದಲ್ಲ, ಅಲ್ಲದೆ ಅವರು ದಿನಾ ಹೋಟೆಲಿಗೆ ಬರಲೇಬೇಕೆಂದು ಏನಿದೆ, ಕೆಲಸ ಮಾಡುವವರಲ್ಲವಲ್ಲ ಎಂದು ತುಂಬ ವಿನಯದಿಂದಲೇ ಕೇಳಿದ. ಇದಕ್ಕೆ ಉತ್ತರ ಸುಗಂಧಿಯಲ್ಲಿತ್ತು, ಇಂಗ್ಲಿಷಿನಲ್ಲಿರಲಿಲ್ಲ.

ಆಗ ಕಮಿಟಿಯ ಅಧ್ಯಕ್ಷೆ ಪರದೆಯ ಕಡೆ ನೋಡಿ, "ಆನ್‌ಲೈನಿನಲ್ಲಿ ಒಬ್ಬರು ಕೈ ಎತ್ತಿದ್ದಾರೆ. ಶೀನ ಪೂಜಾರಿ?" ಎಂದರು.

ಪರದೆಯ ಮೇಲೆ ಶೀನಣ್ಣನ ಮುಖ ಮೂಡಿತು. ಗಲ್ಲಾದ ಪಕ್ಕದ ಅವರ ಜಾಗ. ಟ್ಯಾಬ್ಲೆಟ್ ತೀರಾ ಹತ್ತಿರವಿದ್ದುದರಿಂದ ಮುಖದ ಮುಕ್ಕಾಲು ಪಾಲು ಮಾತ್ರ ಕಾಣುತ್ತಿತ್ತು. ಹಿಂದೆ ಕೃಷ್ಣ ಸೌಟು ಹಿಡಿದು ಗಾಬರಿಯಾಗಿ ನಿಂತಿದ್ದ. ಸುಗಂಧಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನಾನು... ಶೀನ," ಎಂದರು. ಕನ್ನಡದಲ್ಲಿ. ಅಧ್ಯಕ್ಷೆ ಸುತ್ತ ನೋಡಿ, ಯಾರಾದರೂ ಇವರ ಮಾತನ್ನು ಇಂಗ್ಲಿಷಿಗೆ ಹೇಳಬಲ್ಲಿರಾ ಎಂದು ಕೇಳಿದರು. ಪ್ರಣೀತಾ ಏಳಲು ಹೋದಳು. ಸುಗಂಧಿ ಅವಳ ಭುಜ ಒತ್ತಿ ಕೂರಿಸಿ ತಾನೇ ಮೈಕಿಗೆ ಹೋದಳು. ಆಡಿದ್ದೆಲ್ಲ ಆಡಿದ ಹಾಗೆಯೇ ಹೇಳಬೇಕು, ಎಲ್ಲ ದಾಖಲೆಗೆ ಹೋಗುತ್ತದೆ ಎಂದರು ಅಧ್ಯಕ್ಷೆ. ಆಗಲಿ ಎಂದು ಸುಗಂಧಿ ತಲೆ ಆಡಿಸಿದಳು.

"ಅಜೆಂಡಾ... ಓದಿದೆ," ಎಂದರು ಶೀನಣ್ಣ. ಒಂದೊಂದು ಮಾತೂ ಬಾವಿಯಿಂದ ನೀರು ಸೇದಿದ ಹಾಗೆ ಬರುತ್ತಿತ್ತು. "ಎಲ್ಲ ಓದಿದೆ. ಇಂಗ್ಲಿಷು ಬಾಯಿಗೆ ಬರುದಿಲ್ಲ. ಕಣ್ಣಿಗೆ ಬರ್ತದೆ. ಕಿವಿಗೂ ಬರ್ತದೆ."

ಸುಗಂಧಿ ಹೇಳಿದಳು. ಹೇಳುವಾಗ ಅವಳ ಕಿವಿ ಬಿಸಿಯಾಯಿತು. ಮೂರು ವರ್ಷ ಅವರ ಎದುರಿಗೇ ಡಾಕ್ಟರ ಹತ್ತಿರ, ಮಗಳ ಹತ್ತಿರ, ಗಿರಾಕಿಗಳ ಹತ್ತಿರ ಇಂಗ್ಲಿಷಿನಲ್ಲಿ ಏನೇನು ಆಡಿದ್ದಳೋ!

"ಅವರು ಕೇಳಿದ್ರಲ್ಲ, ದಿನಾ ಎಂತಕ್ಕೆ ಬರುದು ಅಂತ. ಮಧ್ಯಾಹ್ನದ ಸಾಂಬಾರು... ನಾನು ನೋಡಿದ ಮೇಲೇ ಹೊರಗೆ ಹೋಗುದು. ಅದು ನನ್ನ ಕೆಲಸ. ಮನೆಯಲ್ಲಿ ಇದ್ರೆ ನಾನು ಕಾಯಿಲೆಯವ. ಇಲ್ಲಿ... ಹೋಟೆಲಿನವ." ಸ್ವಲ್ಪ ಉಸಿರು ತೆಗೆದುಕೊಂಡರು. "ಓಣಿಯಲ್ಲಿ ಚಿತ್ರ ಬರೀರಿ. ಚಂದ ಉಂಟು ಅದು, ನಾನು ನೋಡಿದೆ. ದೀಪ ಹಾಕಿ. ಬೆಳಿಗ್ಗೆ ಮಾತ್ರ... ದಾರಿ ಬಿಡಿ."

ಸುಗಂಧಿ ಒಂದೊಂದು ಮಾತನ್ನೂ ಇಂಗ್ಲಿಷಿಗೆ ದಾಟಿಸಿದಳು. ಚಿತ್ರ ಬರೆಯುವ ಹುಡುಗಿ ಕಣ್ಣೊರೆಸಿಕೊಂಡಳು. ಮುಗಿಯಿತು ಎಂದುಕೊಂಡು ಅಧ್ಯಕ್ಷೆ ಥ್ಯಾಂಕ್ಯೂ ಹೇಳಿದರು. ಪರದೆಯಲ್ಲಿ ಶೀನಣ್ಣ ಎಡಗೈ ಎತ್ತಿ ತಡೆ ಎಂದರು.

"ಸುಗಂಧಿ," ಎಂದರು. "ಇಡೀ ಊರಿಗೆ ಹೇಳಿದಿ. ಬೇಗಲಿನವನಿಗೂ ಹೇಳಿದಿ. ನಂಗೆ ಯಾಕೆ ಹೇಳ್ಲಿಲ್ಲ?"

ಅವಳು ಮೈಕಿನ ಮುಂದೆ ನಿಂತೇ ಇದ್ದಳು. ಕನ್ನಡ ಬಲ್ಲವರು ಮೂವರೇ ಮೂವರು ಆ ಹಾಲಿನಲ್ಲಿದ್ದರು. ಉಳಿದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಅಮರೇಶ್ವರ ತಲೆ ತಗ್ಗಿಸಿದ. ಬೇರೆ ಏನಾದರೂ ಹೇಳಿ ತೇಲಿಸಿಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

"ನನ್ನ ಗಂಡ ಕೇಳುತ್ತಿದ್ದಾರೆ," ಎಂದಳು ಇಂಗ್ಲಿಷಿನಲ್ಲಿ, ಒಂದು ಮಾತೂ ನುಂಗದೆ. "ಇಡೀ ಊರಿಗೆ ಹೇಳಿದೆ, ತನಗೆ ಯಾಕೆ ಹೇಳಲಿಲ್ಲ ಎಂದು."

ಅಧ್ಯಕ್ಷೆ ತಗ್ಗಿದ ದನಿಯಲ್ಲಿ, ಇದು ಮನೆಯ ಮಾತು, ಸಭೆಯ ಮಿನಿಟ್ಸಿಗೆ ಬರೆಯದೆ ಬಿಟ್ಟುಬಿಡೋಣವೇ ಎಂದರು.

"ಬೇಡ, ಬರೆದುಕೊಳ್ಳಿ," ಎಂದಳು ಸುಗಂಧಿ.

ಕಮಿಟಿ ಅವತ್ತೇ ಮತ ಹಾಕಿತು. ರಾಂಪು ಇದ್ದಲ್ಲೇ ಇರುತ್ತದೆ, ಮಧ್ಯಾಹ್ನದವರೆಗೆ ಗಾಡಿಗಳಿಗೆ ದಾರಿ, ಆಮೇಲೆ ಓಣಿ ನಡೆಯುವವರದು. ಒಬ್ಬನೇ ಒಬ್ಬ ವಿರೋಧಿಸಿದ. ಜನ ಬಂದು ಸುಗಂಧಿಯ ಕೈ ಕುಲುಕಿದರು, ಅಮರೇಶ್ವರ "ಗೆದ್ರಿ ಅಕ್ಕಾರ!" ಎಂದು ಕೂಗಿದ. ಅವಳಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಕಾರಿಗೆ ಬಾ ಎಂದ ಮಗಳನ್ನೂ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಮೇನ್ ಸ್ಟ್ರೀಟಿನ ಉದ್ದಕ್ಕೂ ನಡೆದೇ ಹೋಟೆಲಿಗೆ ಬಂದಳು.

ಶೀನಣ್ಣ ಗಲ್ಲಾದ ಪಕ್ಕದಲ್ಲೇ ಇದ್ದರು. ಟ್ಯಾಬ್ಲೆಟ್ ಮಡಿಲಲ್ಲಿತ್ತು. ಕೃಷ್ಣ ಮೆಲ್ಲಗೆ ಒಳಗೆ ಸರಿದ.

"ನಿಮ್ಮ ಬಿ.ಪಿ. ಏರ್ತದೆ ಅಂತ..." ಎಂದು ಶುರುಮಾಡಿದಳು. ಶೀನಣ್ಣ ತಲೆ ಅಲ್ಲಾಡಿಸಿದರು. ಅದು ಬೇಡ ಎನ್ನುವ ಅಲ್ಲಾಟ. ಅವಳು ಅಲ್ಲಿಗೇ ನಿಲ್ಲಿಸಿದಳು. ಕಣ್ಣು ತುಂಬಿ ಬಂತು. "ತಪ್ಪಾಯ್ತು," ಎಂದಳು.

ಅವರು ಎಡಗಾಲಿನಿಂದ ಎದುರಿನ ಕುರ್ಚಿಯನ್ನು ಅವಳ ಕಡೆಗೆ ತಳ್ಳಿದರು.

"ಕೂತ್ಕೋ," ಎಂದರು. "ಮೊದ್ಲಿಂದ ಹೇಳು."